ಬದಲಾವಣೆಯ ಕಾಲದಲ್ಲಿ ಮುಖ್ಯಸ್ಥರ ಹೊಣೆ

ನಾಡಿನ ವ್ಯಾಪಾರಿ ಸಮುದಾಯಕ್ಕೆ ಬದಲಾವಣೆ ಹೊಸತೇನಲ್ಲ. 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಅದರ ಸ್ಥಾನವನ್ನು ಪಡೆಯಿತು. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂ. ಮೀರಿದ ವಹಿವಾಟುದಾರರಿಂದ ಆರಂಭಗೊಂಡ ಇ-ಇನ್‌ವಾಯ್ಸ್ ಪದ್ಧತಿಯು 2023ರ ಆಗಸ್ಟ್ 1ರ ವೇಳೆಗೆ 5 ಕೋಟಿ ರೂ. ಮೀರಿದವರನ್ನೂ ಒಳಗೊಂಡಿತು. 2025ರ ಸೆಪ್ಟೆಂಬರ್ 3ರಂದು ನಿರ್ಧಾರವಾದ ದರ ಪರಿಷ್ಕರಣೆಯು ಅದೇ ತಿಂಗಳ 22ರಿಂದಲೇ ಬಹುತೇಕ ಸರಕುಗಳಿಗೆ ಅನ್ವಯವಾಯಿತು. ಸಿದ್ಧತೆಗೆ ದೊರೆತ ಕಾಲಾವಕಾಶ ಮೂರು ವಾರಕ್ಕಿಂತಲೂ ಕಡಿಮೆ.

ಇಂತಹ ಪ್ರತಿ ಸಂದರ್ಭದಲ್ಲೂ ಮಾಲೀಕರು ಗಣಕಯಂತ್ರಕ್ಕೆ, ತಂತ್ರಾಂಶಕ್ಕೆ, ಸಲಹೆಗಾರರಿಗೆ ಹಣ ವ್ಯಯಿಸುತ್ತಾರೆ. ಆದರೆ ಬಿಲ್ ಬರೆಯುವ ಗುಮಾಸ್ತನಿಗಾಗಿ ಒಂದು ಗಂಟೆಯನ್ನೂ ಮೀಸಲಿಡುವುದಿಲ್ಲ. ಬದಲಾವಣೆ ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಮೊದಲನೆಯದಾಗಿ, ‘ಹೇಗೆ’ ಎಂಬುದಕ್ಕಿಂತ ಮುಂಚೆ ‘ಏಕೆ’ ಎಂಬುದನ್ನು ತಿಳಿಸಬೇಕು. 2022ರ ಜನವರಿ 1ರಿಂದ, ಮಾರಾಟಗಾರನು ಬೀಜಕವನ್ನು ತನ್ನ ವಿವರಪಟ್ಟಿಯಲ್ಲಿ ಸಲ್ಲಿಸದಿದ್ದರೆ ಖರೀದಿದಾರನಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ತನ್ನ ಒಂದು ಅಂಕಿಯ ದೋಷದಿಂದ ಹಳೆಯ ಗಿರಾಕಿಯೊಬ್ಬರು ನಷ್ಟ ಅನುಭವಿಸುತ್ತಾರೆಂದು ಅರಿತ ಗುಮಾಸ್ತನು ನೋಂದಣಿ ಸಂಖ್ಯೆಯನ್ನು ಎರಡು ಬಾರಿ ಪರಿಶೀಲಿಸುತ್ತಾನೆ. ಅರಿಯದವನಿಗೆ ಅದು ತುಂಬಬೇಕಾದ ಮತ್ತೊಂದು ಕಾಲಂ ಮಾತ್ರ.

ಎರಡನೆಯದಾಗಿ, ಕೆಟ್ಟ ಸುದ್ದಿಯನ್ನು ಶಾಂತವಾಗಿ ಕೇಳುವ ಅಭ್ಯಾಸ ಬೇಕು. ನೋಂದಾಯಿತವಾದ ಇ-ಇನ್‌ವಾಯ್ಸನ್ನು ಪೋರ್ಟಲ್‌ನಲ್ಲಿ ರದ್ದುಪಡಿಸಲು 24 ಗಂಟೆಗಳ ಅವಕಾಶವಷ್ಟೇ ಉಂಟು. ಆ ಬಳಿಕ ಕ್ರೆಡಿಟ್ ನೋಟ್, ತಿದ್ದುಪಡಿ, ಗಿರಾಕಿಯೊಡನೆ ಪತ್ರವ್ಯವಹಾರ ಇವೆಲ್ಲ ಅನಿವಾರ್ಯ. ಬೈಗುಳಕ್ಕೆ ಅಂಜಿ ನೌಕರನು ಎರಡು ದಿನ ತಪ್ಪನ್ನು ಮುಚ್ಚಿಟ್ಟರೆ, ಆ ಅಂಜಿಕೆಯ ಬೆಲೆಯನ್ನು ತೆರುವವರು ಮಾಲೀಕರೇ. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದುದರಿಂದ ಮುಚ್ಚಿಡುವ ಪ್ರಯತ್ನವೂ ಕಡೆಗೆ ವ್ಯರ್ಥವೇ. ತಪ್ಪನ್ನು ಅಂದೇ ತಿಳಿಸಿದವನನ್ನು ಎಲ್ಲರೆದುರು ಗದರಿಸಬಾರದು.

ಮೂರನೆಯದಾಗಿ, ಹಿರಿಯ ನೌಕರರ ಮರ್ಯಾದೆಯನ್ನು ಕಾಯಬೇಕು. ಯಾವ ಗಿರಾಕಿ ಎಂದು ಹಣ ಪಾವತಿಸುತ್ತಾನೆ, ಯಾರಿಗೆ ಎಷ್ಟು ಸಾಲ ಕೊಡಬಹುದು ಎಂಬ ತಿಳಿವಳಿಕೆ ಹಳೆಯ ಲೆಕ್ಕಿಗರಲ್ಲಿದೆ. ಕೀಲಿಮಣೆಯ ಚಳಕ ಕಿರಿಯರಲ್ಲಿದೆ. ಇಬ್ಬರನ್ನೂ ಒಂದೇ ಮೇಜಿನಲ್ಲಿ ಕೂರಿಸಿದರೆ ಇಬ್ಬರೂ ಕಲಿಯುತ್ತಾರೆ. ಕಿರಿಯನ ಎದುರು ಹಿರಿಯನನ್ನು ಹಂಗಿಸಿದರೆ ಸಂಸ್ಥೆಯು ಅವನ ಅನುಭವವನ್ನೂ ಕಳೆದುಕೊಳ್ಳುತ್ತದೆ.

ನಾಲ್ಕನೆಯದಾಗಿ, ಹೊಸ ಪದ್ಧತಿಯ ಆರಂಭದ ದಿನಗಳಲ್ಲಿ ಇತರ ಕೆಲಸದ ಹೊರೆಯನ್ನು ಇಳಿಸಿ, ಬಾಗಿಲು ತೆರೆಯುವ ಮುನ್ನ ಹತ್ತು ನಿಮಿಷ ಎಲ್ಲರೊಡನೆ ಹಿಂದಿನ ದಿನದ ತೊಡಕುಗಳನ್ನು ಚರ್ಚಿಸುವುದು ಒಳಿತು. ಹಳೆಯ ಪದ್ಧತಿ ಎಂದು ನಿಲ್ಲುವುದೆಂಬ ದಿನಾಂಕವನ್ನೂ ಮೊದಲೇ ಪ್ರಕಟಿಸಬೇಕು. ಇಲ್ಲವಾದರೆ ಎರಡೂ ಪುಸ್ತಕಗಳು ಜೊತೆಜೊತೆಗೆ ಸಾಗಿ ಎರಡೂ ಅಪೂರ್ಣವಾಗಿ ಉಳಿಯುತ್ತವೆ.

ಕೊನೆಯದು, ಎಲ್ಲಕ್ಕಿಂತ ಕಠಿಣವಾದುದು: ನಿಯಮವನ್ನು ಮಾಲೀಕರೇ ಮೊದಲು ಪಾಲಿಸಬೇಕು. ‘ಈ ಒಬ್ಬ ಗಿರಾಕಿಗೆ ಮಾತ್ರ ಹಳೆಯ ರೀತಿಯಲ್ಲೇ ಚೀಟಿ ಬರೆದುಕೊಡು’ ಎಂಬ ಒಂದು ಮಾತು ತಿಂಗಳ ತರಬೇತಿಯನ್ನು ನೀರುಪಾಲು ಮಾಡುತ್ತದೆ. ಮುಖ್ಯಸ್ಥರಿಗೇ ಬೇಡವಾದ ನಿಯಮ ತನಗೇಕೆಂದು ನೌಕರನು ಭಾವಿಸಿದರೆ ಅದು ಸಹಜ.

ಸಣ್ಣ ಸಂಸ್ಥೆಗಳಲ್ಲಿ ಇದಕ್ಕೆಲ್ಲ ಸಮಯವೆಲ್ಲಿದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನಾಲ್ಕು ಜನರಿರುವಲ್ಲಿ ಒಬ್ಬನು ತರಬೇತಿಗೆ ಕುಳಿತರೆ ವ್ಯಾಪಾರ ಕುಂಠಿತವಾಗುವುದು ನಿಜ. ಆದರೆ ನಾಲ್ಕೇ ಜನರಿರುವಲ್ಲಿ ಒಬ್ಬನು ಬೇಸತ್ತು ಕೆಲಸ ಬಿಟ್ಟರೆ ಸಂಸ್ಥೆಯ ಕಾಲುಭಾಗದಷ್ಟು ಅನುಭವವೇ ಹೊರನಡೆಯುತ್ತದೆ. ದಿನಕ್ಕೆ ಹತ್ತು ನಿಮಿಷದ ವೆಚ್ಚ ಇದಕ್ಕಿಂತ ಎಷ್ಟೋ ಕಡಿಮೆ. ಮುಂದಿನ ಅಧಿಸೂಚನೆ ಹೊರಬೀಳುವ ಮೊದಲೇ ಈ ಅಭ್ಯಾಸಗಳನ್ನು ರೂಢಿಸಿಕೊಳ್ಳುವುದು ವಾಣಿಜ್ಯೋದ್ಯಮಿಗಳಿಗೆ ಹಿತಕರ.