ರಸ್ತೆ ಬದಿಯ ಸಮಾಜ ವಿಜ್ಞಾನ
ಹುಬ್ಬಳ್ಳಿಯ ಬೈರಿದೇವರಕೊಪ್ಪದ ದರ್ಗಾ 2022ರ ಡಿಸೆಂಬರ್‌ನಲ್ಲಿ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ರಸ್ತೆಗಾಗಿ, ಪೊಲೀಸ್ ಬಂದೋಬಸ್ತಿನಲ್ಲಿ, ತೆರವಾಯಿತು. ಮುಸ್ಲಿಂ ಮುಖಂಡರು ನೊಂದು ಪ್ರತಿಭಟಿಸಿದರು. ಇದೇ ರಸ್ತೆಗೆ ದೇವಸ್ಥಾನಗಳೂ ಜಾಗ ಬಿಟ್ಟಿವೆ ಎಂದು ಸರ್ಕಾರ ಸಮರ್ಥಿಸಿಕೊಂಡಿತು. ಭೂಸ್ವಾಧೀನ, ವಕ್ಫ್, ಧಾರ್ಮಿಕ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿ, ನ್ಯಾಯಾಲಯದ ಅಧಿಕಾರ: ಹತ್ತನೇ ತರಗತಿಯ ಸಮಾಜ ವಿಜ್ಞಾನಕ್ಕೆ ಇಷ್ಟು ಸಮೃದ್ಧ ವಿಷಯ ಪುಸ್ತಕದಲ್ಲೂ ಸಿಗದು. ಆದರೂ ಮಾಸ್ತರರು ಬಾಯಿ ಬಿಡಲು ಅಂಜಿದರೆ ಅವರನ್ನು ದೂರುವಂತಿಲ್ಲ. ಅದೇ ವರ್ಷ ಹತ್ತನೇ ತರಗತಿಯ ಕನ್ನಡ ಪಠ್ಯಕ್ಕೆ ಆರ್‌ಎಸ್‌ಎಸ್ ಸಂಸ್ಥಾಪಕ ಹೆಡಗೇವಾರ್ ಭಾಷಣ ಸೇರಿತು. ಪಠ್ಯ ಪರಿಷ್ಕರಣೆಯನ್ನು ವಿರೋಧಿಸಿ ಸಾಹಿತಿ ದೇವನೂರ ಮಹಾದೇವ ಪಠ್ಯದಲ್ಲಿದ್ದ ತಮ್ಮ ಬರಹಕ್ಕೆ ಕೊಟ್ಟಿದ್ದ ಒಪ್ಪಿಗೆ ಹಿಂಪಡೆದರು. 2023ರ ಜೂನ್‌ನಲ್ಲಿ, ಸರ್ಕಾರ ಬದಲಾದ ಮೇಲೆ, ಹೆಡಗೇವಾರ್ ಪಾಠ ಹೊರಬಿತ್ತು. ಪಠ್ಯವೇ ಹೀಗೆ ಪಕ್ಷಗಳ ಅಖಾಡವಾದಾಗ ಕಲಿಸುವವರಿಗೆ ಆಸರೆ ಎಲ್ಲಿದೆ? ಪಶ್ಚಿಮ ಜರ್ಮನಿ 1976ರಲ್ಲೇ ಬಾಯ್ಟೆಲ್ಸ್‌ಬಾಖ್ ಒಮ್ಮತದಲ್ಲಿ ಈ ಆಸರೆ ಕಂಡುಕೊಂಡಿತು: ಶಿಕ್ಷಕರು ತಮ್ಮ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಬಾರದು, ಸಮಾಜದಲ್ಲಿ ವಿವಾದವಿರುವ ವಿಷಯ ತರಗತಿಯಲ್ಲೂ ವಿವಾದವಾಗಿಯೇ ಕಾಣಬೇಕು, ತಮ್ಮ ಹಿತ ಯಾವುದೆಂದು ಮಕ್ಕಳೇ ವಿಶ್ಲೇಷಿಸಲು ಕಲಿಯಬೇಕು. ನಮ್ಮ ಶಿಕ್ಷಣ ಇಲಾಖೆ ಇಂಥದೊಂದು ಲಿಖಿತ ಭರವಸೆಯನ್ನು ಶಿಕ್ಷಕರ ಕೈಗೆ ಕೊಡಲೇಬೇಕು. ಆಗ ಬೈರಿದೇವರಕೊಪ್ಪದ ಮಕ್ಕಳು ರಸ್ತೆಯ ನಕ್ಷೆ, ಕೋರ್ಟಿನ ಆದೇಶ, ಆ ದಿನಗಳ ಪತ್ರಿಕೆಗಳನ್ನು ಮುಂದಿಟ್ಟುಕೊಂಡು, ತಾವು ಒಪ್ಪದ ಪಕ್ಷದ ವಾದವನ್ನೂ ಬರೆದು ಮಂಡಿಸಬಹುದು.