ಮಷೀನ್ ಆಮೇಲೆ ತಗೊಳ್ರಿ, ಮೊದಲು ಅರ್ಥಿಂಗ್ ನೋಡ್ರಿ

ಈ ಸೆಮ್‌ನಲ್ಲಿ ಯಾರ ಮೊಬೈಲ್ ನೋಡಿದ್ರೂ ಲೇಸರ್ ಕಟರ್ ವಿಡಿಯೋನೇ. ಸೇಡಂ ಹುಡುಗನಿಗೆ ಅಪ್ಪನ ಫೋಟೋ ಫ್ರೇಮ್ ಅಂಗಡಿಗೆ ಒಂದು ಬೇಕಂತೆ, ಚಿಂಚೋಳಿ ಗೆಳತಿಗೆ ಮದುವೆ ಕಾರ್ಡ್ ಕತ್ತರಿಸೋಕೆ ಬೇಕಂತೆ. ತಗೊಳ್ಲಿ, ನನಗೂ ಖುಷಿ. ಶಹಾಬಾದಿನ ನಮ್ಮ ಮನೆ ಪಡಸಾಲೆಯಲ್ಲೇ ಅಣ್ಣ ಒಂದು ಹಾಕಿದ್ದಾನೆ. ನಾಮಫಲಕ, ಕೀ ಚೈನ್ ಅಂತ ಕೆಲಸವೂ ಬರ್ತಿದೆ. ಆದ್ರೆ ನನ್ನದೊಂದು ವಾದ ಇದೆ: ಕೈಯಲ್ಲಿರೋ ದುಡ್ಡಲ್ಲಿ ಅರ್ಧ ಮಾತ್ರ ಮಷೀನಿಗೆ ಹಾಕಿ. ಉಳಿದರ್ಧ ಮನೆಗೆ ಬೇಕು.

ಯಾಕಂದ್ರೆ ಆ ವಿಡಿಯೋಗಳೆಲ್ಲ ತಂಪು ದೇಶದ ಯಾರದೋ ಗ್ಯಾರೇಜಲ್ಲಿ ಮಾಡಿದವು. ನಮ್ಮ ಕಡೆ ಗ್ಯಾರೇಜ್ ಎಲ್ಲಿಂದ ಬರಬೇಕು? ವರ್ಕ್‌ಶಾಪ್ ಅಂದ್ರೆ ಪಡಸಾಲೆ. ಒಂದು ಮೂಲೆಯಲ್ಲಿ ಅಜ್ಜಿಯ ಮಂಚ, ಪಕ್ಕದಲ್ಲಿ ಅಡುಗೆಮನೆ, ನಡುವೆ ಮಕ್ಕಳು.

ಸಿಗೋದು ಮುಖ್ಯವಾಗಿ ಎರಡು ಥರದ ಮಷೀನ್. ಅಗ್ಗದ್ದು ಡಯೋಡ್, 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು. ತೆಳು ಪ್ಲೈವುಡ್, ಕಾರ್ಡ್ ಕತ್ತರಿಸುತ್ತೆ. ಪಾರದರ್ಶಕ ಅಕ್ರಿಲಿಕ್ ಇಟ್ಟರೆ ಬೆಳಕು ಸುಮ್ನೆ ದಾಟಿ ಹೋಗುತ್ತೆ. ಜಾಹೀರಾತಿನ '40 ವ್ಯಾಟ್' ನೋಡಿ ಮರುಳಾಗಬೇಡಿ, ಎಷ್ಟೋ ಸಲ ಅದು ಮಷೀನ್ ತಿನ್ನೋ ಕರೆಂಟಿನ ಲೆಕ್ಕ. ಹೊರಗೆ ಬರೋ ಬೆಳಕು ಎಷ್ಟು ವ್ಯಾಟ್ ಅಂತ ಕೇಳಿ. ಇವುಗಳಲ್ಲಿ ಬಹಳಷ್ಟು ಬರೀ ಚೌಕಟ್ಟು, ಸುತ್ತ ಮುಚ್ಚಿಗೆನೇ ಇರಲ್ಲ. ಕನ್ನಡಕ ಹಾಕ್ಕೊಂಡ ನಿಮ್ಮ ಕಣ್ಣು ಉಳೀಬಹುದು, ಮಂಚದ ಮೇಲಿರೋ ಅಜ್ಜಿಯ ಕಣ್ಣು? ಪೂರ್ತಿ ಮುಚ್ಚೋ ಪೆಟ್ಟಿಗೆ ಇಲ್ಲದ ಮಷೀನು ನಮ್ಮಂಥ ಮನೆಗೆ ಬರಲೇಬಾರದು ಅಂತ ನನ್ನ ಹಟ.

ಇನ್ನೊಂದು ಕಾರ್ಬನ್ ಡೈಆಕ್ಸೈಡ್ ಟ್ಯೂಬಿನದು, 10,600 ನ್ಯಾನೋಮೀಟರ್, ಕಣ್ಣಿಗೆ ಕಾಣಲ್ಲ. ಇದನ್ನು 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿದವರು ಕುಮಾರ್ ಪಟೇಲ್. ಬಾರಾಮತಿಯಲ್ಲಿ ಹುಟ್ಟಿ, ಪುಣೆಯ ಎಂಜಿನಿಯರಿಂಗ್ ಕಾಲೇಜಲ್ಲಿ ಓದಿದವರು. ವಾಡಿಯಲ್ಲಿ ಮುಂಬೈ ಕಡೆ ರೈಲು ಹತ್ತಿದರೆ ಸೋಲಾಪುರ ದಾಟಿ ದೌಂಡ್ ಬರುತ್ತಲ್ಲ, ಅಲ್ಲಿಂದ ಒಳಗೆ ಹೋದರೆ ಅವರೂರು. ಅಷ್ಟು ಹತ್ತಿರ!

ಈ ಟ್ಯೂಬಿಗೆ ಹತ್ತು ಸಾವಿರ ವೋಲ್ಟ್ ಮೀರಿದ ಕರೆಂಟ್ ಬೇಕು. ಒಳಗೆ ವೈರ್ ಸಡಿಲಾಗಿ ಲೋಹದ ಡಬ್ಬಿಗೆ ತಾಗಿದರೆ ಆ ಕರೆಂಟ್ ಭೂಮಿಗೆ ಹೋಗಬೇಕು, ದಾರಿ ಇಲ್ಲದಿದ್ರೆ ಮುಟ್ಟಿದವರ ಮೈ ಮೂಲಕ ಹೋಗುತ್ತೆ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತೆ, ಮೂರನೇ ತೂತಿನ ಹಿಂದೆ ವೈರೇ ಇರಲ್ಲ. ಹೊಸದಾಗಿ ಗುಂಡಿ ತೋಡೋಣ ಅಂದ್ರೆ ಶಹಾಬಾದ್, ಚಿತ್ತಾಪುರ ಕಡೆ ಎಷ್ಟೋ ಅಂಗಳದಲ್ಲಿ ಸ್ವಲ್ಪ ಅಗೆದರೆ ಸಾಕು, ಪರಸಿ ಕಲ್ಲು ಹತ್ತುತ್ತೆ. ರಾಡ್ ಇಳಿಯಲ್ಲ. ಅಂಥ ಕಡೆ ಆಳಕ್ಕೆ ಹೋಗೋ ಬದಲು, ಮಣ್ಣಿರೋ ಕಡೆ ಉದ್ದಕ್ಕೆ ಕಾಲುವೆ ತೋಡಿ ಜಿ.ಐ. ಪಟ್ಟಿ ಹೂಳಿಸಬೇಕು. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. 5 ಓಮ್ ಒಳಗೆ ಬಂದ್ರೆ ಒಳ್ಳೇದು. ವಿಡಿಯೋ ಮಾಡೋರಿಗೆ ಈ ಬಂಡೆ ಸಮಸ್ಯೆ ಗೊತ್ತೇ ಇಲ್ಲ.

ಆಮೇಲೆ ನೀರು. ಟ್ಯೂಬಿನ ಸುತ್ತ ಹರಿಯೋ ನೀರು 25 ಡಿಗ್ರಿ ಮೀರಬಾರದು ಅಂತ ಸಾಮಾನ್ಯವಾಗಿ ಹೇಳ್ತಾರೆ. ಮೇ ತಿಂಗಳಲ್ಲಿ ನಮ್ಮ ಕಡೆ ಗಾಳಿಯೇ 40 ದಾಟಿರುತ್ತೆ, ಬಕೆಟ್ ನೀರು ಸ್ನಾನಕ್ಕೆ ರೆಡಿ. ಅಣ್ಣ ಬೇಸಿಗೆಯಲ್ಲಿ ಬೆಳಿಗ್ಗೆ 5ಕ್ಕೆ ಎದ್ದು ಕೆಲಸ ಮುಗಿಸ್ತಾನೆ, ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ಐಸ್ ಬಕೆಟ್ಟಿಗೆ ಬಿಡ್ತಾನೆ. ಬೋರ್ ನೀರಂತೂ ಹಾಕಲೇಬಾರದು. ಸುಣ್ಣದಕಲ್ಲಿನ ನಡುವೆ ಬಂದ ನೀರು ಸ್ಟೀಲ್ ಕೊಡಕ್ಕೇ ಬಿಳಿ ಪದರ ಕಟ್ಟುತ್ತೆ, ಗಾಜಿನ ಟ್ಯೂಬನ್ನ ಬಿಡುತ್ತಾ? ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಸಾಕು. ಜೊತೆಗೆ ಒಂದು ಫ್ಲೋ ಸ್ವಿಚ್ ಹಾಕಿ, ಪಂಪ್ ನಿಂತರೆ ಲೇಸರೂ ನಿಲ್ಲಬೇಕು.

ಹೊಗೆ ಮನೆಯಿಂದ ಹೊರಗೆ ಹೋಗಬೇಕು, ಪಕ್ಕದ ಮನೆ ಕಿಟಕಿಗೂ ಹೋಗಬಾರದು. ಪಿ.ವಿ.ಸಿ., ರೆಕ್ಸಿನ್ ಕತ್ತರಿಸಲೇಬೇಡಿ. ಹೈಡ್ರೋಜನ್ ಕ್ಲೋರೈಡ್ ಹುಟ್ಟಿ ಮಷೀನು ತುಕ್ಕು ಹಿಡಿಯುತ್ತೆ, ಪುಪ್ಪುಸ ಸುಡುತ್ತೆ. ವಾಡಿಯವರು ದಿನಾ ಲೆನ್ಸ್ ಒರೆಸಿ, ಧೂಳು ಕೂತ ಲೆನ್ಸ್ ಕಾದು ಬಿರುಕು ಬಿಡುತ್ತೆ.

ಮನೆಗೆ ಬಂದವರೆಲ್ಲ ಕೇಳೋದು ಒಂದೇ: "ಇದ್ರಾಗ ಪರಸಿ ಕಟ್ ಆಗ್ತದೇನು?" ಆಗಲ್ಲ. ಮೇಲೆ ಬಿಳಿ ಗುರುತು ಬೀಳುತ್ತೆ ಅಷ್ಟೇ, ಕತ್ತರಿಸೋಕೆ ಡೈಮಂಡ್ ಬ್ಲೇಡೇ ಬೇಕು. ಆದ್ರೆ ಮಷೀನ್ ಇಡೋಕೆ ಪರಸಿಯಂಥ ಟೇಬಲ್ ಇಲ್ಲ: ಸಪಾಟು, ಭಾರ, ಬೆಂಕಿ ಹತ್ತಲ್ಲ, ನಮ್ಮೂರಲ್ಲಿ ಅಗ್ಗ.

"ಇಷ್ಟೆಲ್ಲ ನೋಡ್ತಾ ಕೂತ್ರೆ ಯಾರೂ ಶುರುನೇ ಮಾಡಲ್ಲ" ಅಂತಾಳೆ ಚಿಂಚೋಳಿ ಗೆಳತಿ. ಅವಳ ಮಾತಲ್ಲೂ ಅರ್ಥ ಇದೆ. ಬೆಂಗಳೂರಿಗೆ ಹೋಗದೆ ಊರಲ್ಲೇ ಏನಾದ್ರೂ ಮಾಡೋಕೆ ಈ ಡಬ್ಬಿ ಒಂದು ದಾರಿ, ಅದನ್ನ ಭಯದಿಂದ ಮುಚ್ಚಬಾರದು. ಆದ್ರೆ ಪಡಸಾಲೆಯಲ್ಲಿ ಒಮ್ಮೆ ಬೆಂಕಿ ಬಿದ್ದರೆ ಓಣಿಯಲ್ಲಿ ಇನ್ನೊಬ್ಬರ ಅಪ್ಪ ಮಷೀನಿಗೆ ದುಡ್ಡು ಕೊಡ್ತಾರಾ? ಸಣ್ಣ ಮಷೀನ್ ತಗೊಳ್ಲಿ, ಒಂದು ವರ್ಷ ತಡವಾಗಿ ತಗೊಳ್ಲಿ.

ಎಲೆಕ್ಟ್ರಿಕಲ್ ಲ್ಯಾಬಲ್ಲಿ ಅರ್ಥ್ ಟೆಸ್ಟರ್ ಇದೆ, ಪ್ರಾಕ್ಟಿಕಲ್ ದಿನ ಬಿಟ್ಟರೆ ಬೀರುವಿನಲ್ಲೇ ಇರುತ್ತೆ. ರಜೆಯಲ್ಲಿ ಅದನ್ನು ಸಹಿ ಹಾಕಿ ಊರಿಗೆ ಒಯ್ಯೋಕೆ ಬಿಡಬೇಕು ಅಂತ ಎಚ್.ಓ.ಡಿ.ಗೆ ಅರ್ಜಿ ಬರೆದಿದ್ದೀನಿ. ಸೇಡಂ, ಚಿತ್ತಾಪುರ, ವಾಡಿ ಕಡೆಯವರು ಯಾರಿದ್ದೀರೋ ಸಹಿ ಹಾಕಿ, ಶುಕ್ರವಾರದ ತನಕ ಅರ್ಜಿ ಕ್ಲಬ್ ರೂಮಲ್ಲಿರುತ್ತೆ.