ಬರ್ಗರ್ ಸಾಸ್: ಮನೆಯಲ್ಲಿ ಮಾಡಿದರೆ ಸಾಕೇ?

ಕಳೆದ ರಮಝಾನಿನಲ್ಲಿ ನಮ್ಮ ಮನೆಯಲ್ಲೇ ನಡೆದ ಘಟನೆ. ಇಫ್ತಾರ್‌ಗೆ ಮಗಳು ಬರ್ಗರ್ ಮಾಡಿದ್ದಳು. ಹೊರಗಿನದ್ದು ತಿನ್ನಬೇಡಿ ಎಂದು ನಾನು ಸದಾ ಹೇಳುತ್ತಿದ್ದುದರಿಂದ ಸಾಸನ್ನೂ ಮೊಬೈಲಿನಲ್ಲಿ ನೋಡಿ ತಾನೇ ತಯಾರಿಸಿದ್ದಳು. ಎರಡು ಹಸಿ ಮೊಟ್ಟೆ, ಒಂದು ಲೋಟ ಎಣ್ಣೆ, ಬೆಳ್ಳುಳ್ಳಿ, ಸ್ವಲ್ಪ ವಿನೆಗರ್ ಮಿಕ್ಸಿಗೆ ಹಾಕಿದರೆ ಬೆಣ್ಣೆಯಂತಹ ಮಯೋನೀಸ್ ಸಿದ್ಧ. ಅದಕ್ಕೆ ಕೆಚಪ್ ಬೆರೆಸಿದರೆ ಬರ್ಗರ್ ಸಾಸ್. ರುಚಿಯೂ ಚೆನ್ನಾಗಿತ್ತು. ಉಳಿದದ್ದನ್ನು ಮೇಜಿನ ಮೇಲೆಯೇ ಇಟ್ಟು, ತರಾವೀಹ್ ಮುಗಿಸಿ ಬಂದು ಮತ್ತೆ ತಿಂದೆವು.

ಮರುದಿನ ಸಂಜೆಯೊಳಗೆ ನಾಲ್ವರಿಗೂ ಹೊಟ್ಟೆನೋವು, ಭೇದಿ, ಜ್ವರ. ಕಿರಿಯ ಮಗನನ್ನು ಎರಡು ದಿನ ಆಸ್ಪತ್ರೆಯಲ್ಲಿರಿಸಿ ಡ್ರಿಪ್ಸ್ ಹಾಕಿಸಬೇಕಾಯಿತು. ಊರಿಗೆಲ್ಲ ಆರೋಗ್ಯದ ಬುದ್ಧಿ ಹೇಳುವ ವೈದ್ಯನ ಮನೆಯ ಕಥೆಯಿದು. ತಪ್ಪು ಮಗಳದ್ದಲ್ಲ, ನನ್ನದು. ಹೊರಗಿನದ್ದು ಬೇಡ ಎಂದಷ್ಟೇ ಹೇಳಿದ್ದೆ. ಮನೆಯಲ್ಲಿ ಹೇಗೆ ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ.

ಸಾಲ್ಮೊನೆಲ್ಲಾ ಎಂಬ ರೋಗಾಣು ಕೆಲವೊಮ್ಮೆ ಕೋಳಿಯ ದೇಹದಿಂದಲೇ ಮೊಟ್ಟೆಯ ಒಳಗೆ ಸೇರಿರುತ್ತದೆ. ಚಿಪ್ಪನ್ನು ಎಷ್ಟು ತೊಳೆದರೂ ಅದು ಹೋಗದು. ಬೇಯಿಸಿದರೆ ಸಾಯುತ್ತದೆ. ಆದರೆ ಮಿಕ್ಸಿಯಲ್ಲಿ ತಿರುಗಿಸುವುದು ಬೇಯಿಸಿದಂತಲ್ಲ, ಒಂದು ಚಮಚ ವಿನೆಗರನ್ನು ನಂಬಿ ಕೂರುವಂತೆಯೂ ಇಲ್ಲ. ನಮ್ಮ ಕರಾವಳಿಯ ಸೆಖೆಯಲ್ಲಿ ಸಾಸ್ ಎರಡು ಮೂರು ಗಂಟೆ ಹೊರಗಿದ್ದರೆ ರೋಗಾಣುಗಳು ವೇಗವಾಗಿ ಹೆಚ್ಚುತ್ತವೆ. ಒಂದೇ ಒಂದು ಮೊಟ್ಟೆ ಕೆಟ್ಟಿದ್ದರೂ ಸಾಸಿನ ಮೂಲಕ ಎಲ್ಲರ ತಟ್ಟೆಗೂ ಹೋಗುತ್ತದೆ. ಚಿಕ್ಕ ಮಕ್ಕಳು, ಗರ್ಭಿಣಿಯರು ಮತ್ತು ವೃದ್ಧರಿಗೆ ಇದರಿಂದ ಅಪಾಯ ಹೆಚ್ಚು.

ಈ ಕಾರಣಕ್ಕಾಗಿಯೇ ಕೇರಳ ಸರಕಾರ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿತು. 2024ರ ಅಕ್ಟೋಬರಿನಲ್ಲಿ ತೆಲಂಗಾಣ, 2025ರ ಏಪ್ರಿಲಿನಲ್ಲಿ ತಮಿಳುನಾಡು ಒಂದೊಂದು ವರ್ಷದ ನಿಷೇಧ ಹೇರಿದವು. ಆದರೆ ಹೋಟೆಲಿಗೆ ಬರುವ ಅಧಿಕಾರಿ ನಮ್ಮ ಅಡುಗೆಮನೆಗೆ ಬರುವುದಿಲ್ಲ. ಅಲ್ಲಿ ಎಚ್ಚರ ವಹಿಸಬೇಕಾದವರು ನಾವೇ.

ಬರ್ಗರ್ ತಿನ್ನುವಾಗ ನಾವು ಮಾಂಸ ಹಲಾಲ್ ತಾನೇ ಎಂದು ಕೇಳುತ್ತೇವೆ, ಕೇಳಲೇಬೇಕು. ಆದರೆ ಆಹಾರವು ಹಲಾಲ್ ಆಗಿರುವುದರ ಜೊತೆಗೆ ತಯ್ಯಿಬ್, ಅಂದರೆ ಶುದ್ಧವೂ ಉತ್ತಮವೂ ಆಗಿರಬೇಕು ಎಂಬುದನ್ನು ಮರೆಯುತ್ತೇವೆ. ಅದರೊಳಗಿನ ಸಾಸ್ ಯಾವುದರಿಂದ ಆಯಿತು, ಯಾವಾಗ ಆಯಿತು ಎಂದು ಕೇಳುವವರು ಕಡಿಮೆ.

ಹಾಗೆಂದು ಮಕ್ಕಳಿಗೆ ಬರ್ಗರನ್ನೇ ನಿಷೇಧಿಸಬೇಕೆಂದು ನಾನು ಹೇಳುವುದಿಲ್ಲ. ಮನೆಯಲ್ಲಿ ತಡೆದರೆ ಗೆಳೆಯರೊಂದಿಗೆ ಹೊರಗೆ ತಿನ್ನುತ್ತಾರೆ. ಆ ಸಾಸಿನಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ಅಮೆರಿಕದ ಪ್ರಸಿದ್ಧ ಬಿಗ್ ಮ್ಯಾಕ್ ಬರ್ಗರಿನ ಸಾಸನ್ನು ಮನೆಯಲ್ಲಿ ಮಾಡುವ ಬಗೆಯನ್ನು 2012ರಲ್ಲಿ ಮೆಕ್‌ಡೊನಾಲ್ಡ್ಸ್‌ನ ಕೆನಡಾ ಶಾಖೆಯೇ ವೀಡಿಯೊದಲ್ಲಿ ತೋರಿಸಿತ್ತು. ಮಯೋನೀಸ್, ಸಿಹಿ ಸೌತೆ ಉಪ್ಪಿನಕಾಯಿ, ಸಾಸಿವೆ, ಬಿಳಿ ವೈನ್ ವಿನೆಗರ್, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ ಮತ್ತು ಕೆಂಪು ಬಣ್ಣಕ್ಕೆ ಖಾರವಿಲ್ಲದ ಮೆಣಸಿನ ಪುಡಿ, ಇಷ್ಟೇ. ವೈನಿನಿಂದ ಮಾಡುವ ವಿನೆಗರಿನ ಬಗ್ಗೆ ಕರ್ಮಶಾಸ್ತ್ರ ವಿದ್ವಾಂಸರಲ್ಲಿ ಅಭಿಪ್ರಾಯ ಭೇದವಿದೆ. ನಿಂಬೆರಸ ಬಳಸಿದರೆ ಆ ಚರ್ಚೆಯೇ ಬೇಕಿಲ್ಲ.

ಈಗ ನಮ್ಮ ಮನೆಯಲ್ಲಿ ಮಾಡುವ ವಿಧಾನ ಹೀಗಿದೆ. ಒಂದು ಕಪ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು ಫ್ರಿಜ್‌ನಲ್ಲಿ ಮೂರು ಗಂಟೆ ನೀರು ಇಳಿಸಿ. ಗಟ್ಟಿಯಾಗಿ ಬೇಯಿಸಿದ ಎರಡು ಮೊಟ್ಟೆಯ ಹಳದಿ, ಎರಡು ಚಮಚ ಎಣ್ಣೆ, ಅರ್ಧ ಚಮಚ ಅರೆದ ಸಾಸಿವೆ, ಒಂದು ಚಮಚ ನಿಂಬೆರಸ, ಅರ್ಧ ಚಮಚ ಬ್ಯಾಡಗಿ ಮೆಣಸಿನ ಪುಡಿ, ಚಿಟಿಕೆ ಉಪ್ಪು ಹಾಕಿ ಮೊಸರಿನೊಂದಿಗೆ ನುಣ್ಣಗೆ ರುಬ್ಬಿ. ಕೊನೆಗೆ ಸಣ್ಣಗೆ ಹೆಚ್ಚಿದ ಸೌತೆ ಮತ್ತು ಈರುಳ್ಳಿ ಬೆರೆಸಿ. ಬ್ಯಾಡಗಿ ಮೆಣಸು ಬಣ್ಣ ಕೊಡುತ್ತದೆ, ಖಾರ ಕಡಿಮೆ. ತಕ್ಷಣ ಫ್ರಿಜ್‌ನಲ್ಲಿಡಿ, ಬೇಕಾದಷ್ಟನ್ನೇ ಹೊರತೆಗೆಯಿರಿ, ಎರಡು ದಿನದೊಳಗೆ ಮುಗಿಸಿ. ಮೊಸರು ಬೇಡದವರು ಅಂಗಡಿಯ ಮೊಟ್ಟೆರಹಿತ ಮಯೋನೀಸ್ ಬಳಸಬಹುದು. ಆದರೆ ಮುಚ್ಚಳ ತೆರೆದ ನಂತರ ಅದೂ ಫ್ರಿಜ್‌ನಲ್ಲೇ ಇರಬೇಕು.

ಅಳತೆಯೂ ಮುಖ್ಯ. ಮೊಟ್ಟೆ ಮತ್ತು ಎಣ್ಣೆಯ ಮಯೋನೀಸಿನ ಒಂದು ದೊಡ್ಡ ಚಮಚದಲ್ಲಿ ಸುಮಾರು 90ರಿಂದ 100 ಕ್ಯಾಲೊರಿ ಇರುತ್ತದೆ, ಅದರಲ್ಲಿ ಹೆಚ್ಚಿನದು ಎಣ್ಣೆಯದ್ದೇ. ಒಂದು ದೊಡ್ಡ ಚಮಚ ಕೆಚಪ್‌ನಲ್ಲಿ ಸುಮಾರು 4 ಗ್ರಾಂ ಸಕ್ಕರೆ ಇದೆ. ಯುನಾನಿ ವೈದ್ಯಶಾಸ್ತ್ರದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಅಂಶಗಳಲ್ಲಿ ಆಹಾರ ಪಾನೀಯವೂ ಒಂದು. ಏನು ತಿನ್ನುತ್ತೇವೆ ಎಂಬುದರಷ್ಟೇ ಎಷ್ಟು, ಯಾವಾಗ ತಿನ್ನುತ್ತೇವೆ ಎಂಬುದಕ್ಕೂ ಅಲ್ಲಿ ಮಹತ್ವವಿದೆ. ದಿನವಿಡೀ ಖಾಲಿಯಿದ್ದ ಹೊಟ್ಟೆಗೆ ಇಫ್ತಾರ್‌ನಲ್ಲಿ ಮೊದಲ ತುತ್ತಾಗಿ ಬರ್ಗರ್ ಬೇಡ. ಖರ್ಜೂರ, ನೀರು, ಹಣ್ಣು ಮೊದಲಿರಲಿ.

ಕೊನೆಯದಾಗಿ ಒಂದು ಮಾತು. ಇಂತಹ ಆಹಾರದ ನಂತರ ಭೇದಿ ಶುರುವಾದರೆ ಕೂಡಲೇ ಓಆರ್‌ಎಸ್ ದ್ರಾವಣ ಕುಡಿಸಿ. ಮಲದಲ್ಲಿ ರಕ್ತ, ಇಳಿಯದ ಜ್ವರ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಕಂಡರೆ ಮನೆಮದ್ದಿಗಾಗಲಿ, ನನ್ನಂತಹ ಹಕೀಮರ ಚೂರ್ಣಕ್ಕಾಗಲಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮಗಳು ಈಗಲೂ ಬರ್ಗರ್ ಮಾಡುತ್ತಾಳೆ. ಮೊಟ್ಟೆ ಬೇಯಿಸಿದ್ದು ತಾನೇ ಎಂದು ತಮ್ಮ ಪ್ರತಿ ಸಲವೂ ಕೇಳುತ್ತಾನೆ. ಆ ಪ್ರಶ್ನೆ ಪ್ರತಿ ಮನೆಯಲ್ಲೂ ಕೇಳಿ ಬರಲಿ.